ಪ್ರಾರ್ಥನೆಯೊಂದೇ ಸಾಕೆನ್ನುವವರಿಗೆ

ಚರ್ಚಿನ ಯುವಕರು ಹವಾಮಾನದ ಗೊಡವೆ ಬಿಟ್ಟು ಆತ್ಮದ ಕೆಲಸ ನೋಡಿಕೊಳ್ಳಲಿ, ಉಳಿದದ್ದು ಸರ್ಕಾರಕ್ಕೆ ಸೇರಿದ್ದು ಎಂಬ ವಾದ ಕೇಳಲು ಸರಳ, ಆದರೆ ಪರೀಕ್ಷೆಗೆ ನಿಲ್ಲುವುದಿಲ್ಲ. ಈ ಯುವಕರ ಚರ್ಚಾದ, 1947ರಲ್ಲಿ ಹುಟ್ಟಿದ ದಕ್ಷಿಣ ಭಾರತ ಸಭೆ (ಸಿಎಸ್‌ಐ) ಆಂಗ್ಲಿಕನ್ ಒಕ್ಕೂಟದ ಸದಸ್ಯ. ಆ ಒಕ್ಕೂಟ ಸೃಷ್ಟಿಯ ರಕ್ಷಣೆಯನ್ನು ತನ್ನ ಸೇವೆಯ ಐದನೇ ಗುರುತಾಗಿ ಸೇರಿಸಿಕೊಂಡದ್ದು 1990ರಲ್ಲಿ. 2022ರಲ್ಲಿ ಅದರ ಲ್ಯಾಂಬೆತ್ ಸಮ್ಮೇಳನದಲ್ಲಿ ಬಿಷಪ್ಪರೇ ಮರ ಬೆಳೆಸುವ, ಕಾಡು ಕಾಯುವ ಯೋಜನೆಗೆ ಚಾಲನೆ ಕೊಟ್ಟರು. ಯುವಕರು ಹೊಸ ಮತವನ್ನೇನೂ ತಂದಿಲ್ಲ, ಹಿರಿಯರು ಕೊಟ್ಟ ಮಾತನ್ನು ನೆನಪಿಸುತ್ತಿದ್ದಾರೆ.

ತಿಪ್ಪಸಂದ್ರದಂಥ ಹಳ್ಳಿಯ ರಾಗಿ ಹೊಲ ಎಷ್ಟು ಹೊಗೆ ಉಗುಳಿದೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಬರ ತಪ್ಪಿತಸ್ಥರನ್ನು ಹುಡುಕಿಕೊಂಡು ಬರುವುದಿಲ್ಲ: 2023ರಲ್ಲಿ ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಹಾಗೆಂದು ಎಲ್ಲವನ್ನೂ ಹವಾಮಾನದ ತಲೆಗೆ ಕಟ್ಟುವುದೂ ತಪ್ಪು. ಅರ್ಕಾವತಿ ನದಿ ಸೊರಗಿ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಒಳಹರಿವು ಕುಸಿದುದರಲ್ಲಿ ಕೊಳವೆಬಾವಿ, ನೀಲಗಿರಿ ತೋಪುಗಳ ಪಾಲು ದೊಡ್ಡದು. ಇದರಿಂದ ಸಭೆಯ ಹೊಣೆ ಕಡಿಮೆಯಾಗದು, ಹೆಚ್ಚುತ್ತದೆ; ಕೈಗೆಟುಕುವ ಕೆಲಸ ಇಲ್ಲೇ ಇದೆಯಲ್ಲ! ಶಾಲೆ, ಆಸ್ಪತ್ರೆ, ಜಮೀನು ಎಲ್ಲವೂ ಇರುವ ಸಂಸ್ಥೆಗೆ ಬರಿಗೈ ಎನ್ನುವ ಹಕ್ಕಿಲ್ಲ. ಸಭಾಪಾಲಕರು ಮೊದಲು ತಮ್ಮ ಕಟ್ಟಡಗಳ ಚಾವಣಿಯ ಮಳೆನೀರು ಹಿಡಿಯಲಿ, ಎಷ್ಟು ಹಿಡಿದರೆಂಬ ಲೆಕ್ಕವನ್ನು ವರ್ಷಕ್ಕೊಮ್ಮೆ ಆ ಯುವಕರ ಮುಂದಿಡಲಿ.