ಮನೆಗೆ ಮೊದಲು ಮೇಲ್ಮಣ್ಣು

ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳಲ್ಲಿ ಇಂದು ಹೊಸ ಮನೆ ಏಳದ ಊರಿಲ್ಲ. ಗುಡ್ಡೆಯ ಬದಿಯಲ್ಲಿ ಜಾಗ ಗುರುತಿಸಿ, ಜೆಸಿಬಿ ತರಿಸಿ, ಎರಡು ಮೂರು ದಿನಗಳಲ್ಲಿ ನೆಲವನ್ನು ಸಮತಟ್ಟು ಮಾಡಿಬಿಡುತ್ತೇವೆ. ಗೃಹಪ್ರವೇಶ ಮುಗಿದ ಮೇಲೆ ಸುತ್ತಲೂ ಹುಲ್ಲು ಹಾಸಬೇಕು, ನಾಲ್ಕು ಹೂಗಿಡ ನೆಡಬೇಕು ಎಂಬ ಆಸೆ ಹುಟ್ಟುತ್ತದೆ. ಹಾಸಿದ ಹುಲ್ಲು ಮೊದಲ ಮಳೆಗಾಲದಲ್ಲಿ ಹಸಿರಾಗಿರುತ್ತದೆ. ಮಾರ್ಚ್ ಬರುವಷ್ಟರಲ್ಲಿ ಒಣಗಿ ಕೆಳಗಿನ ಕಲ್ಲು ಕಾಣುತ್ತದೆ. "ಯಾವ ಗೊಬ್ಬರ ಹಾಕಬೇಕು?" ಎಂದು ಕೃಷಿಕರು ಕೇಳುತ್ತಾರೆ. ಗೊಬ್ಬರದ ಪ್ರಶ್ನೆ ಆಮೇಲಿನದು. ಅಲ್ಲಿದ್ದ ಮಣ್ಣು ಎಲ್ಲಿ ಹೋಯಿತು ಎಂದು ಮೊದಲು ಕೇಳಬೇಕೆಂಬುದು ನನ್ನ ಅಭಿಪ್ರಾಯ.

ನಮ್ಮ ಗುಡ್ಡೆಗಳದು ಜಂಬಿಟ್ಟಿಗೆ ಮಣ್ಣು. ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಸುರಿಯುವ ಈ ಸೀಮೆಯಲ್ಲಿ ಸುಣ್ಣ, ಮೆಗ್ನೀಸಿಯಂ, ಪೊಟ್ಯಾಷ್ ಅಂಶಗಳು ತೊಳೆದುಹೋಗಿ ಮಣ್ಣು ಹುಳಿಯಾಗಿದೆ. ಉಳಿದ ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಂಶಗಳು ಹಾಕಿದ ರಂಜಕವನ್ನು ಹಿಡಿದಿಟ್ಟು ಬೇರಿಗೆ ಸಿಗದಂತೆ ಮಾಡುತ್ತವೆ. ಇಂಥ ನೆಲದಲ್ಲಿ ಜೀವವಿರುವುದು ತರಗೆಲೆ ಕೊಳೆತು ಕಪ್ಪಾದ ಮೇಲಿನ ಅರ್ಧ ಅಡಿಯಲ್ಲಿ ಮಾತ್ರ. ಅದರ ಕೆಳಗಿರುವುದು ಮುರಕಲ್ಲು. ಕೇರಳದ ಅಂಗಾಡಿಪುರಂನಲ್ಲಿ ಇದೇ ಕಲ್ಲನ್ನು ಕಂಡ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟನು. ಲ್ಯಾಟಿನ್ ಭಾಷೆಯಲ್ಲಿ ಲೇಟರ್ ಎಂದರೆ ಇಟ್ಟಿಗೆ. ನೆಲದೊಳಗೆ ಮೆದುವಾಗಿದ್ದು ಗಾಳಿಗೆ ತೆರೆದಾಗ ಗಟ್ಟಿಯಾಗುವುದು ಇದರ ಗುಣ. ಗೋಡೆಗೆ ವರವಾದ ಈ ಗುಣವೇ ಅಂಗಳಕ್ಕೆ ಶಾಪ.

ಯಂತ್ರ ಬಂದಾಗ ಆಗುವುದೇನು? ಮೇಲಿನ ಕಪ್ಪು ಮಣ್ಣು ಎಲ್ಲಕ್ಕಿಂತ ಮೊದಲು ಕೆಳಗಿನ ತಗ್ಗಿಗೆ ಬೀಳುತ್ತದೆ, ಅದರ ಮೇಲೆ ಅಡಿಮಣ್ಣು ಬೀಳುತ್ತದೆ. ಗಿಡಕ್ಕೆ ಬೇಕಾದುದು ಅಡಿಗೆ, ಬೇಡವಾದುದು ಮೇಲಕ್ಕೆ! ಐದು ಸೆಂಟ್ಸ್ ಜಾಗವೆಂದರೆ ಸುಮಾರು 200 ಚದರ ಮೀಟರ್. ಅರ್ಧ ಅಡಿಯ ಲೆಕ್ಕದಲ್ಲಿ ಅಲ್ಲಿರುವ ಮೇಲ್ಮಣ್ಣು 30 ಘನ ಮೀಟರ್, ಅಂದರೆ ನೂರು ಘನ ಅಡಿಯ ಯೂನಿಟ್ಟಿನಲ್ಲಿ ಹತ್ತಕ್ಕೂ ಹೆಚ್ಚು. ಮಣ್ಣಿನ ಪಾಠ ಹೇಳುವ ನಾನೂ ನನ್ನ ಮನೆ ಕಟ್ಟುವಾಗ ಇದೇ ತಪ್ಪು ಮಾಡಿದೆ. ಬಳಿಕ ಲೋಡುಗಟ್ಟಲೆ ಕೆಂಪು ಮಣ್ಣು ಕೊಂಡೆ. ಅದು ಇನ್ನೊಂದು ಗುಡ್ಡೆಯ ಅಡಿಮಣ್ಣು ಎಂದು ತಿಳಿದದ್ದು ಹುಲ್ಲು ಹಳದಿಯಾದ ಮೇಲೆ.

ಇನ್ನೂ ಮನೆ ಕಟ್ಟದವರಿಗೆ ನನ್ನ ಸಲಹೆ ಇಷ್ಟೆ. ಯಂತ್ರದವರಿಗೆ ಮೊದಲ ದಿನವೇ ಹೇಳಿ, ಮೇಲಿನ ಅರ್ಧ ಅಡಿ ಮಣ್ಣನ್ನು ಕೆರೆಸಿ ಒಂದು ಬದಿಗೆ ರಾಶಿ ಹಾಕಿಸಿ. ರಾಶಿ ಮೂರು ಅಡಿಗಿಂತ ಎತ್ತರವಾಗಬಾರದು. ಮಳೆಗೆ ಕೊಚ್ಚಿಹೋಗದಂತೆ ಮಡಲು ಮುಚ್ಚಿ. ಮನೆ ಕೆಲಸ ಮುಗಿದ ಮೇಲೆ ಅದನ್ನೇ ಹರಡಿ. ಇದಕ್ಕಿಂತ ಅಗ್ಗದ ಗೊಬ್ಬರವನ್ನು ನಾನು ಕಂಡಿಲ್ಲ.

ಈಗಾಗಲೇ ಕಟ್ಟಿದವರು ನಿರಾಶರಾಗಬೇಕಿಲ್ಲ. ಮಣ್ಣನ್ನು ಕೊಳ್ಳುವ ಬದಲು ಇದ್ದಲ್ಲೇ ಬೆಳೆಸಬೇಕು. ಮೊದಲು ಸಿಮೆಂಟು ಗಾರೆ, ಜಲ್ಲಿಗಳನ್ನು ಹೆಕ್ಕಿ ತೆಗೆಯಿರಿ. ಗಾರೆ ಬಿದ್ದ ಗೋಡೆಬದಿಯ ಮಣ್ಣು ಕ್ಷಾರವಾಗಿದ್ದು, ಹತ್ತು ಹೆಜ್ಜೆ ಆಚೆಯದು ಹುಳಿಯಾಗಿರಬಹುದು. ಆದ್ದರಿಂದ ಎರಡು ಕಡೆಯ ಮಾದರಿಗಳನ್ನು ಬೇರೆಬೇರೆಯಾಗಿ ಪರೀಕ್ಷೆಗೆ ಕೊಡಿ. ರಸಸಾರ 5.5ಕ್ಕಿಂತ ಕಡಿಮೆಯಿರುವಲ್ಲಿ ಮಾತ್ರ ವರದಿಯಂತೆ ಕೃಷಿ ಸುಣ್ಣ ಹಾಕಿ. ಚದರ ಮೀಟರಿಗೆ ಸುಮಾರು 200 ಗ್ರಾಂ ಸಾಮಾನ್ಯ ಪ್ರಮಾಣ. ಮೇ ತಿಂಗಳ ಮೊದಲ ಮಳೆಗೆ ನೆಲ ನೆನೆದಾಗ ಪಿಕ್ಕಾಸಿನಿಂದ ಮುಕ್ಕಾಲು ಅಡಿ ಆಳ ಅಗೆದು ಸುಣ್ಣ ಬೆರೆಸಿ. ಎರಡು ವಾರ ಬಿಟ್ಟು ಐದು ಸೆಂಟ್ಸಿಗೆ ಒಂದು ಟನ್ ಕಳಿತ ಹಟ್ಟಿಗೊಬ್ಬರ ಸೇರಿಸಿ, ಪತ್ತನಾಜೆಯ ಹೊತ್ತಿಗೆ ಒಂದು ಕಿಲೋ ಡಯಂಚ ಬೀಜ ಎರಚಿ. ಹೂ ಬಿಡುವ ಮೊದಲು ಕಡಿದು ಅಲ್ಲೇ ಹಾಸಿ; ಜುಲೈ ಮಳೆಯಲ್ಲಿ ನೆಲ ಅಗೆಯಬೇಡಿ. ಸೆಪ್ಟೆಂಬರಿನಲ್ಲಿ ಹುಲ್ಲು ನೆಡಿ. ಅಗಲ ಎಲೆಯ ಕಾರ್ಪೆಟ್ ಹುಲ್ಲು ಹುಳಿ ಮಣ್ಣನ್ನೂ ನೆರಳನ್ನೂ ತಾಳುತ್ತದೆ. ಬಿಸಿಲು ಚೆನ್ನಾಗಿದ್ದು ಬೇಸಿಗೆಯಲ್ಲಿ ನೀರು ಕಡಿಮೆಯಿದ್ದರೆ ಗರಿಕೆಯೇ ಲೇಸು. ಮಣ್ಣು ಕಪ್ಪಾಗಲು ಮೂರು ನಾಲ್ಕು ವರ್ಷ ಬೇಕು. ಪ್ರತಿವರ್ಷ ತೆಳುವಾಗಿ ಗೊಬ್ಬರ ಹರಡುವುದನ್ನು ಬಿಡಬಾರದು.

"ತೋಟಕ್ಕೇ ಗೊಬ್ಬರ ಸಾಲದು, ಹುಲ್ಲಿಗೆ ಯಾಕೆ? ಇಂಟರ್‌ಲಾಕ್ ಹಾಕಿಸಿದರೆ ಮುಗಿಯಿತು" ಎನ್ನುವವರಿದ್ದಾರೆ. ಅವರ ಮಾತು ಅರ್ಧ ನ್ಯಾಯ. ಆದರೆ ಐದು ಸೆಂಟ್ಸ್ ಅಂಗಳದ ಮೇಲೆ ವರ್ಷದಲ್ಲಿ ಬೀಳುವ ನೀರು ಏಳು ಲಕ್ಷ ಲೀಟರ್! ಅದನ್ನು ಒಳಗೆ ಬಿಡದ ನೆಲ ಕೆಳಗಿನವರ ಅಡಿಕೆ ತೋಟಕ್ಕೆ ಕೆಸರನ್ನು ಕಳುಹಿಸುತ್ತದೆ. ಜೂನ್‌ನಲ್ಲಿ ಪಯಸ್ವಿನಿ, ಕುಮಾರಧಾರೆ ಕೆಂಪಾಗುವುದರಲ್ಲಿ ನಮ್ಮ ಅಂಗಳಗಳ ಪಾಲೂ ಇದೆ. ಏಪ್ರಿಲ್‌ನಲ್ಲಿ ಬಾವಿಯ ತಳ ನೋಡಿ ಮರುಗುವವರೂ ನಾವೇ.

ಒಂದು ಎಚ್ಚರಿಕೆ: ಕಡಿದ ಬರೆಯ ಅಂಚಿನಲ್ಲಾಗಲಿ, ತುಂಬಿಸಿದ ಮಣ್ಣಿನ ಅಂಚಿನಲ್ಲಾಗಲಿ ನೀರು ಇಂಗಿಸಬೇಡಿ. ಅಲ್ಲಿ ಲಾವಂಚ ನೆಟ್ಟು, ನೀರನ್ನು ಕಣಿಯಲ್ಲಿ ಸಾಗಿಸಿ. 2018ರ ಆಗಸ್ಟಿನಲ್ಲಿ ಜೋಡುಪಾಲದ ಕಡೆ ಗುಡ್ಡ ಕುಸಿದುದನ್ನು ಸುಳ್ಯದವರಿಗೆ ನೆನಪಿಸಬೇಕಿಲ್ಲ.

ತೋಟದಲ್ಲಿ ಒಂದು ಬುಟ್ಟಿ ಮೇಲ್ಮಣ್ಣು ಕೊಚ್ಚಿಹೋದರೆ ನೀವು ಬದು ಕಟ್ಟುತ್ತೀರಿ. ಮನೆ ಕಟ್ಟುವ ದಿನ ಅದೇ ಮಣ್ಣು ಹತ್ತು ಯೂನಿಟ್ ಹೋಗುವುದನ್ನು ನೋಡುತ್ತ ನಿಲ್ಲಬೇಡಿ. ಯಂತ್ರಕ್ಕೆ ಗಂಟೆಯ ಬಾಡಿಗೆ ಕೊಡುವವರು ನೀವು. ಮೊದಲ ಗಂಟೆಯನ್ನು ಮೇಲ್ಮಣ್ಣಿಗೆ ಮೀಸಲಿಡಿ.