ಸ್ಟಿಕರ್ ಎಂದು ಬೈಯುವ ಮೊದಲು

ನಮ್ಮ ಸಾಹಿತ್ಯ ವಲಯದಲ್ಲಿ ಒಂದು ಬೈಗುಳ ಚಾಲ್ತಿಯಲ್ಲಿದೆ. ಕವಿತೆ ಹಿಡಿಸದಿದ್ದರೆ 'ಇದು ಬರೀ ಸ್ಟಿಕರ್' ಎನ್ನುತ್ತೇವೆ. ಒಳಗೆ ಏನೂ ಇಲ್ಲ, ಮೇಲೊಂದು ಥಳಕು ಅಂಟಿಸಲಾಗಿದೆ ಎಂದು ಅದರ ಅರ್ಥ. ಕೊಪ್ಪಳದಲ್ಲಿ ಪಾಠ ಹೇಳುವ ನಾನೂ ಈ ಮಾತನ್ನು ವರ್ಷಗಟ್ಟಲೆ ಆಡಿದ್ದೇನೆ. ಕಳೆದ ವರ್ಷ ಯಲಬುರ್ಗಾ ಕಡೆಯ ವಿದ್ಯಾರ್ಥಿಯೊಬ್ಬನ ಕವಿತೆಯ ಅಂಚಿನಲ್ಲಿ ಅದೇ ಒಂದು ಪದ ಬರೆದು ಹಾಳೆ ಹಿಂದಿರುಗಿಸಿದೆ. ಅವನು ಮರುದಿನ ಬಂದು, 'ಸರ್, ನಾ ಸಂಜಿ ಮುಂದ ಕಾರಿಗೆ ವಿನೈಲ್ ಹಚ್ಚೋ ಅಂಗಡ್ಯಾಗ ಕೆಲಸ ಮಾಡ್ತೀನ್ರಿ. ನೀವು ಒಂದ್ ಸಲ ಹಚ್ಚಿ ನೋಡ್ರಿ, ಆಮ್ಯಾಲೆ ಬೈರಿ' ಎಂದ.

ಹಚ್ಚಿ ನೋಡಿದೆ. ಅದರ ಫಲವೇ ಈ ಬರಹ.

ನನ್ನದು ಹನ್ನೆರಡು ವರ್ಷದ ಸೆಕೆಂಡ್ ಹ್ಯಾಂಡ್ ಕಾರು. ನಮ್ಮ ಬಿಸಿಲಿಗೆ ಬಣ್ಣ ಸತ್ತಿತ್ತು. ಒಂದು ಬಾಗಿಲಿಗೂ ಡ್ಯಾಶ್‌ಬೋರ್ಡಿನ ಒಂದು ಪಟ್ಟಿಗೂ ಮನೆಯಲ್ಲೇ ಹಚ್ಚುವುದೆಂದು ಹಾಳೆ, ಹೀಟ್ ಗನ್, ಒತ್ತುವ ಪಟ್ಟಿ, ಬ್ಲೇಡು ತಂದೆ. ಏಪ್ರಿಲ್ ತಿಂಗಳು, ಅಂಗಳದ ಬೇವಿನ ನೆರಳು. ವಿಡಿಯೋದಲ್ಲಿ ಹತ್ತು ನಿಮಿಷದ ಕೆಲಸ. ನನಗೆ ಎರಡು ದಿನ ಹಿಡಿಯಿತು, ಆದರೂ ಕೆಟ್ಟಿತು. ತಗಡು ಕಾದಿತ್ತಾದ್ದರಿಂದ ಅಂಟು ಮುಟ್ಟಿದ ಕೂಡಲೇ ಕಚ್ಚಿಕೊಂಡಿತು, ಮತ್ತೆ ಎತ್ತಲಾಗಲಿಲ್ಲ. ಒಂದು ಬೇವಿನ ಹೂವು ಒಳಗೆ ಸಿಕ್ಕಿ ಗುಳ್ಳೆಯಾಯಿತು. ಹಿಡಿಕೆಯ ಹಿಂದಿನ ಕುಳಿಗೆ ಹಾಳೆಯನ್ನು ಎಳೆದೆಳೆದು ಕೂರಿಸಿದ್ದೆ. ಮರುದಿನ ಮಧ್ಯಾಹ್ನದ ಹೊತ್ತಿಗೆ ಅದು ಎದ್ದು ಡೊಳ್ಳಿನ ಚರ್ಮದಂತೆ ನಿಂತಿತ್ತು. ಡ್ಯಾಶ್‌ಬೋರ್ಡಿನ ತರಿತರಿ ಪ್ಲಾಸ್ಟಿಕ್ಕಿಗಂತೂ ಅದು ಅಂಟಲೇ ಇಲ್ಲ.

ಹುಡುಗ ಬಂದು ನೋಡಿದ. ನಗಲಿಲ್ಲ. 'ತೊಳದ ಮ್ಯಾಲೆ ಸ್ಪಿರಿಟ್‌ನ್ಯಾಗ ಒರಸಿದ್ರೇನು?' ಎಂದು ಕೇಳಿದ. ಒರೆಸಿರಲಿಲ್ಲ. ಅವನಿಂದ ನಾನು ಕಲಿತದ್ದು ಇಷ್ಟು. ವಿನೈಲ್ ಹಾಳೆಯಲ್ಲಿ ಎರಡು ಜಾತಿ. ಬಿಸಿ ಉರುಳೆಗಳ ನಡುವೆ ಹಿಂಡಿ ಮಾಡಿದ್ದು ಕ್ಯಾಲೆಂಡರ್ಡ್. ಅದು ಅಗ್ಗ, ದಪ್ಪ. ಹಿಂಡಿಸಿಕೊಂಡ ನೆನಪು ಅದರೊಳಗೆ ಉಳಿದಿರುವುದರಿಂದ ಕ್ರಮೇಣ ಅಂಚಿನಿಂದ ಕುಗ್ಗುತ್ತದೆ. ದ್ರವವಾಗಿ ಸುರಿದು ಒಲೆಯಲ್ಲಿ ಒಣಗಿಸಿದ್ದು ಕಾಸ್ಟ್. ಸುಮಾರು 50 ಮೈಕ್ರಾನಿನ ಈ ಹಾಳೆ ತಿರುವುಗಳಿಗೆ ಒಗ್ಗುತ್ತದೆ. ಆದರೆ ಅದನ್ನೂ ಎಳೆದು ಕೂರಿಸಿದರೆ ಎಳೆದದ್ದನ್ನು ಮರೆಯುವುದಿಲ್ಲ. ಕೊನೆಗೆ ಅಂಚು ಮತ್ತು ಕುಳಿಗಳನ್ನು 90 ಡಿಗ್ರಿಗೂ ಮೇಲೆ ಕಾಯಿಸಿ ಆ ನೆನಪನ್ನು ಅಳಿಸಬೇಕು. ಬ್ಲೇಡು ಹಾಳೆಯನ್ನಷ್ಟೇ ಕತ್ತರಿಸಬೇಕು, ಕೆಳಗಿನ ಬಣ್ಣಕ್ಕೆ ಗೀರು ಬೀಳಬಾರದು. ಏರ್‌ಬ್ಯಾಗ್ ತೆರೆದುಕೊಳ್ಳುವ ಗೆರೆಯ ಮೇಲೆ ಏನನ್ನೂ ಅಂಟಿಸಬಾರದು.

ಈ ಕೆಲಸದಲ್ಲಿ ನನ್ನ ಬೈಗುಳವನ್ನೇ ತಲೆಕೆಳಗು ಮಾಡಿದ್ದು ಬೇರೆಯೇ ಒಂದು ಸಂಗತಿ. ಹಾಳೆ ಕೆಳಗಿನ ಬಣ್ಣವನ್ನು ಮುಚ್ಚುತ್ತದೆ ನಿಜ, ಆದರೆ ಕೆಳಗಿನ ತಪ್ಪನ್ನು ಮುಚ್ಚುವುದಿಲ್ಲ. ಒಂದು ಕಾಳು ದೂಳು, ಒಂದು ತಗ್ಗು, ಎದ್ದ ಬಣ್ಣದ ಒಂದು ಚಕ್ಕೆ, ಎಲ್ಲವೂ ಮೇಲೆ ಮೂಡುತ್ತವೆ. ಹೊಳಪಿನ ಹಾಳೆಯಲ್ಲಂತೂ ಇನ್ನೂ ಹೆಚ್ಚು. 'ಒಳಗಿಲ್ಲದ್ದನ್ನು ಮೇಲೆ ಅಂಟಿಸಿದ್ದಾನೆ' ಎಂಬ ನಮ್ಮ ರೂಪಕ ಸ್ಟಿಕರ್ ಹಚ್ಚದವರು ಕಟ್ಟಿದ ರೂಪಕ.

ಕೊಪ್ಪಳದಿಂದ ಹತ್ತಾರು ಕಿಲೋಮೀಟರ್ ದೂರದಲ್ಲಿ ಕಿನ್ನಾಳವಿದೆ. ಅಲ್ಲಿನ ಚಿತ್ರಗಾರರ ಗೊಂಬೆಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ಆ ಗೊಂಬೆ ಹೇಗಾಗುತ್ತದೆ ನೋಡಿ. ಹಗುರ ಮರವನ್ನು ಕೆತ್ತಿ ಜೋಡಿಸುತ್ತಾರೆ. ಸೆಣಬು, ಮರದ ಹೊಟ್ಟು, ಹುಣಸೆ ಬೀಜದ ಅಂಟು ಕಲಸಿದ ಕಿಟ್ಟವನ್ನು ಬಳಿಯುತ್ತಾರೆ. ಅದರ ಮೇಲೆ ಬಟ್ಟೆಯ ಚೂರುಗಳನ್ನು ಅಂಟಿಸಿ, ಕಲ್ಲಿನ ಪುಡಿಯ ಲೇಪ ಕೊಟ್ಟು, ಆಮೇಲೆ ಬಣ್ಣ ಹಚ್ಚುತ್ತಾರೆ. ಕೊನೆಗೆ ನಮ್ಮ ಕಣ್ಣಿಗೆ ಮರದ ಒಂದು ಎಳೆಯೂ ಕಾಣುವುದಿಲ್ಲ. ಪೂರ್ತಿ ಹೊದಿಕೆಯ ಕಲೆ ಅದು. ಅದನ್ನು ನಾವು ಪರಂಪರೆ ಎನ್ನುತ್ತೇವೆ, ವಿಚಾರ ಸಂಕಿರಣದ ವೇದಿಕೆಯಲ್ಲಿ ಕಾಣಿಕೆಯಾಗಿ ಕೊಡುತ್ತೇವೆ. ಮೇಲ್ಮೈ ಸಿದ್ಧಪಡಿಸಿ, ತಿರುವಿಗೆ ಹೊದಿಕೆ ಕೂರಿಸುವ ಇನ್ನೊಬ್ಬ ಹುಡುಗನ ಕೆಲಸ ಮಾತ್ರ ನಮಗೆ ಬೈಗುಳ.

ಎರಡೂ ಒಂದೇ ಎಂದು ನಾನು ವಾದಿಸುತ್ತಿಲ್ಲ. ಕಿನ್ನಾಳದವರು ಒಡಲನ್ನೂ ತಾವೇ ಮಾಡುತ್ತಾರೆ, ಈ ಹುಡುಗನಿಗೆ ಒಡಲು ಕಾರ್ಖಾನೆಯಿಂದ ಬರುತ್ತದೆ. ಅವರ ಅಂಟು ಹುಣಸೆ ಬೀಜದ್ದು, ಇವನ ಹಾಳೆ ಪಿವಿಸಿ, ಕೆಲವು ವರ್ಷಗಳಲ್ಲಿ ಕಿತ್ತು ತಿಪ್ಪೆಗೆ ಹೋಗುವಂಥದ್ದು. ಈ ಆಕ್ಷೇಪಗಳನ್ನು ಒಪ್ಪುತ್ತೇನೆ. ಆದರೆ ಇವು ವಸ್ತುವಿನ ಮೇಲಿನ ಆಕ್ಷೇಪಗಳು. ಕೈಯನ್ನು ಹೀಗಳೆಯಲು ಇವು ಕಾರಣವಾಗಲಾರವು.

'ಪ್ಲಾಸ್ಟಿಕ್ಕಿಗೆ ಮರದ ಗೆರೆಯ ಹಾಳೆ ಹಚ್ಚಿ ಮರ ಎಂದು ತೋರಿಸುವುದು ಮೋಸವಲ್ಲವೇ?' ಎಂದು ಗೆಳೆಯರು ಕೇಳುತ್ತಾರೆ. ಯಾರಿಗೆ ಮೋಸ? ಕುಷ್ಟಗಿ ದಾಟಿ ಹೆದ್ದಾರಿಯಲ್ಲಿ ಹೋಗುವ ಬಾಡಿಗೆ ಕಾರಿನ ಮುಂದಿನ ಸೀಟಿನಲ್ಲಿ ಕೂತ ಯಾರೂ ಅದನ್ನು ತೇಗ ಎಂದು ನಂಬುವುದಿಲ್ಲ. ಕ್ಯಾಲೆಂಡರ್ಡ್ ಹಾಳೆಯನ್ನು ಕಾಸ್ಟ್ ಎಂದು ಮಾರಿದರೆ ಮೋಸ. ತುಕ್ಕು, ಅಪಘಾತದ ಗುರುತು ಮರೆಸಿ ಹಳೆ ಕಾರು ಮಾರಿದರೆ ಮೋಸ. ಕಾರಿನ ಬಣ್ಣವನ್ನೇ ಬದಲಿಸಿ ನೋಂದಣಿ ದಾಖಲೆಯಲ್ಲಿ ತಿದ್ದಿಸದಿದ್ದರೆ ಅದೂ ತಪ್ಪೇ. ಮೋಸವಾಗುವುದು ವ್ಯವಹಾರದಲ್ಲಿ. ಅದನ್ನು ಹೊದಿಕೆಯ ತಲೆಗೆ ಕಟ್ಟುತ್ತಿದ್ದೇವೆ.

ವಿಮರ್ಶೆಯಲ್ಲಿಯೂ ಹಾಗೆಯೇ. 'ಸ್ಟಿಕರ್' ಎಂದುಬಿಟ್ಟರೆ ಓದುವ ಕಷ್ಟ ತಪ್ಪುತ್ತದೆ. ಎಲ್ಲಿ ಪೂರ್ವಸಿದ್ಧತೆ ಸಾಲದು, ಯಾವ ಸಾಲನ್ನು ಅಳತೆ ಮೀರಿ ಎಳೆಯಲಾಗಿದೆ, ಯಾವ ಪ್ರತಿಮೆ ಎರಡನೇ ಓದಿಗೇ ಅಂಚಿನಿಂದ ಏಳುತ್ತದೆ ಎಂದು ತೋರಿಸಬೇಕಾದದ್ದು ವಿಮರ್ಶಕನ ಕೆಲಸ. ನನ್ನ ಬಾಗಿಲನ್ನು ನೋಡಿ ಆ ಹುಡುಗ ಅದನ್ನೇ ಮಾಡಿದ್ದ. ಗುಳ್ಳೆ ಯಾಕಾಯಿತು, ಕುಳಿ ಯಾಕೆ ಎದ್ದಿತು ಎಂದು ಒಂದೊಂದಾಗಿ ಹೇಳಿದ್ದ. ಅವನ ಕವಿತೆಗೆ ನಾನು ಅಷ್ಟನ್ನೂ ಮಾಡಿರಲಿಲ್ಲ. ಮೊದಲ ಪೀಳಿಗೆಗೆ ಕಾಲೇಜು ಮೆಟ್ಟಿಲು ಹತ್ತಿದ, ಸಂಜೆ ದುಡಿದು ಬೆಳಿಗ್ಗೆ ತರಗತಿಗೆ ಬರುವ ಮಕ್ಕಳ ಮೇಲೆ ನಾವು ಇಂಥ ಒಂದೇ ಪದದ ತೀರ್ಪುಗಳನ್ನು ಎಸೆಯುತ್ತೇವೆ. ಆಮೇಲೆ ಹೊಸಬರು ಬರೆಯುತ್ತಿಲ್ಲ ಎಂದು ಲೇಖನ ಬರೆಯುತ್ತೇವೆ.

ಹಾಳೆಯನ್ನು ಅವನಿಂದ ಮತ್ತೆ ಕೇಳಿ ತರಿಸಿಕೊಂಡೆ. 'ಸ್ಟಿಕರ್' ಎಂಬುದನ್ನು ಹೊಡೆದುಹಾಕಿ ಈ ಸಲ ಅಂಚು ತುಂಬ ಬರೆದೆ. ಮೂರನೇ ಭಾಗ ನಿಜಕ್ಕೂ ಸಡಿಲವಾಗಿತ್ತು, ಹಾಗೆಂದೇ ಬರೆದೆ. ಓದಿಕೊಂಡು ಅವನು, 'ಹೌದ್ರಿ ಸರ್, ಅಲ್ಲಿ ಜಗ್ಗೀನಿ. ಕಿತ್ತು ಮತ್ತ ಹಚ್ತೀನಿ' ಎಂದ. ನನ್ನ ಕಾರಿನ ಬಾಗಿಲಲ್ಲಿ ಬೇವಿನ ಹೂವಿನ ಗುಳ್ಳೆ ಇನ್ನೂ ಇದೆ.