ಬ್ಯಾಟರಿ ಬದಲಿಸುವ ಮೊದಲು ಬೆಲ್ಟ್ ಮುಟ್ಟಿ ನೋಡಿ

ವರದಿಗೆಂದು ಊರೂರು ಸುತ್ತಲು ನಾವು ಇಟ್ಟುಕೊಂಡಿರುವ ಹಳೇ ವ್ಯಾನ್‌ಗೆ ಎಂಟು ತಿಂಗಳಲ್ಲಿ ಎರಡು ಬ್ಯಾಟರಿ ಹಾಕಿಸಿದೆವು. ಮತ್ತೆ ಸೆಲ್ಫ್ ಹೊಡೆಯದೆ ನಿಂತಾಗ, ಬೇರೆ ಊರಿನ ಎಲೆಕ್ಟ್ರಿಷಿಯನ್ ಒಬ್ಬರು ಬಾನೆಟ್ ಎತ್ತಿ, ಹೆಬ್ಬೆರಳಲ್ಲಿ ಬೆಲ್ಟ್ ಒತ್ತಿ ನಕ್ಕುಬಿಟ್ಟರು. ಅದು ಬಟ್ಟೆ ಒಣಹಾಕುವ ಹಗ್ಗದಂತೆ ಜೋತುಬಿದ್ದಿತ್ತು. ಸರಿ ಮಾಡಲು ಹತ್ತು ನಿಮಿಷ ಸಾಕಾಯಿತು.

ಲೈಟ್ ಮಂಕಾದರೆ ಸಾಕು, 'ಬ್ಯಾಟರಿ ಹೋಗಿದೆ, ಹೊಸದು ಹಾಕಿಸಿ' ಅನ್ನುವುದು ನಮ್ಮ ಕಡೆ ರೂಢಿ. ಅಳೆಯದೆ ಹೀಗೆ ಹೇಳುವುದು ತಪ್ಪು, ನಾವು ಒಪ್ಪಿಕೊಳ್ಳುವುದೂ ತಪ್ಪು. ಬ್ಯಾಟರಿ ಮನೆ ಮೇಲಿನ ನೀರಿನ ಟ್ಯಾಂಕಿದ್ದಂತೆ. ತುಂಬಿಸುವ ಮೋಟರು ಆಲ್ಟರ್ನೇಟರ್, ಹಳೇ ಡ್ರೈವರ್‌ಗಳು ಇವತ್ತಿಗೂ ಡೈನಮೋ ಅನ್ನುವುದು ಇದಕ್ಕೇ. ಅದನ್ನು ತಿರುಗಿಸುವುದು ಬೆಲ್ಟ್. ಗಾಡಿ ನಿಂತಲ್ಲೇ ಸ್ಟಾರ್ಟ್‌ನಲ್ಲಿದ್ದಾಗ ಎಂಜಿನ್ ನಿಧಾನ, ಆಲ್ಟರ್ನೇಟರ್ ಕೊಡುವ ಕರೆಂಟೂ ಕಡಿಮೆ. ಅದರ ಮೇಲೆ ಹೆಡ್‌ಲೈಟ್, ವೈಪರ್, ದಿಬ್ಬಣದ ಟೆಂಪೊ ಆದರೆ ದೊಡ್ಡ ಸ್ಪೀಕರ್. ಬೆಲ್ಟ್ ಲೂಸಿದ್ದರೆ ಈ ಭಾರಕ್ಕೆ ಜಾರುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಕಿರ್ರೆಂದು ಕಿರುಚುವುದು, ನಿಂತಾಗ ಬ್ಯಾಟರಿಯ ಕೆಂಪು ದೀಪ ಮಿಣುಕಿ ರೇಸ್ ಕೊಟ್ಟರೆ ಆರುವುದು, ಎಲ್ಲ ಇದರ ಗುರುತು.

ಮಲ್ಟಿಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಗಾಡಿ ಆಫ್ ಆಗಿ ಕೆಲವು ಗಂಟೆ ಕಳೆದ ಮೇಲೆ, ಚಾರ್ಜ್ ತುಂಬಿದ ಒಳ್ಳೆ ಬ್ಯಾಟರಿ 12.6 ವೋಲ್ಟ್ ಹತ್ತಿರ ತೋರಿಸುತ್ತದೆ. ಸ್ಟಾರ್ಟ್ ಮಾಡಿದಾಗ ಹೆಚ್ಚಿನ ಗಾಡಿಗಳಲ್ಲಿ 13.8ರಿಂದ 14.5 ಇರಬೇಕು. ಹೆಡ್‌ಲೈಟ್ ಹಾಕಿ ನಿಂತಲ್ಲೇ 13ಕ್ಕಿಂತ ಇಳಿದು, ರೇಸ್ ಕೊಟ್ಟಾಗ ಏರಿದರೆ ಮೊದಲು ಬೆಲ್ಟ್ ನೋಡಿ. ಬೆಲ್ಟ್ ಸರಿಯಿದ್ದರೆ ಆಮೇಲೆ ಟರ್ಮಿನಲ್ಲಿನ ಹಸಿರು ಮಡ್ಡಿ, ಅರ್ಥ್ ವೈರ್, ಕೊನೆಗೆ ಆಲ್ಟರ್ನೇಟರ್ ಒಳಗಿನ ಕಾರ್ಬನ್ ಬ್ರಷ್, ಡಯೋಡ್.

ಬೆಲ್ಟ್ ಮುಟ್ಟುವಾಗ ಎಂಜಿನ್ ಆಫ್ ಇರಲಿ, ಕೀ ಜೇಬಿನಲ್ಲಿರಲಿ. ಹಳೇ ಗಾಡಿಗಳ ವಿ-ಬೆಲ್ಟನ್ನು ಎರಡು ಪುಲ್ಲಿಗಳ ನಡುವಿನ ಉದ್ದದ ಕಡೆ ಜೋರಾಗಿ ಒತ್ತಿದರೆ ಸುಮಾರು ಒಂದು ಸೆಂಟಿಮೀಟರ್ ತಗ್ಗಬೇಕು. ಸರಿಯಾದ ಅಳತೆ ಗಾಡಿಯ ಪುಸ್ತಕದಲ್ಲಿರುತ್ತದೆ. ಬಿರುಕು ಬಿಟ್ಟಿದ್ದರೆ, ಗಾಜಿನಂತೆ ಹೊಳೆಯುತ್ತಿದ್ದರೆ ಹೊಸದು ಹಾಕಿಸಿ. ಸೋಪು ಉಜ್ಜಿದರೆ ಸದ್ದು ನಾಲ್ಕು ದಿನ ನಿಲ್ಲಬಹುದು, ಜಾರುವುದು ನಿಲ್ಲುವುದಿಲ್ಲ. ಹಾಗಂತ ತಂತಿಯಂತೆ ಬಿಗಿದರೆ ಬೇರಿಂಗ್ ಹೋಗುತ್ತದೆ. ತಾನಾಗೇ ಬಿಗಿ ಹಿಡಿಯುವ ಟೆನ್ಷನರ್ ಇರುವ ಹೊಸ ಗಾಡಿಗಳಲ್ಲಿ ಬಿಗಿಯುವ ಕೆಲಸವೇ ಇಲ್ಲ, ಅದು ಸೋತರೆ ಬದಲಿಸಬೇಕು ಅಷ್ಟೆ.

ನಮ್ಮ ದೊಡ್ಡ ತಕರಾರು ಇನ್ನೊಂದಿದೆ. ಚಾರ್ಜಿಂಗ್ ಪರೀಕ್ಷೆ ಎಂದು ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿ ಟರ್ಮಿನಲ್ ಬಿಚ್ಚುವವರು ಈಗಲೂ ಇದ್ದಾರೆ. ಅದು ನಿಜವಾದ ಡೈನಮೋ ಇದ್ದ ಕಾಲದ ಅಭ್ಯಾಸ. ಈಗ ಹಾಗೆ ಮಾಡಿದರೆ ವೋಲ್ಟೇಜ್ ಒಮ್ಮೆಲೇ ನೆಗೆದು ಡಯೋಡ್ ಸುಡಬಹುದು, ಗಾಡಿಯ ಕಂಪ್ಯೂಟರೂ ಹೋಗಬಹುದು. ಸಂಕೋಚ ಬಿಟ್ಟು 'ಬೇಡಣ್ಣ, ಮೀಟರ್ ಇಡಿ' ಅನ್ನಿ.

ಹಳ್ಳಿಯಲ್ಲಿ ನಡುರಾತ್ರಿ ಹೆರಿಗೆ ನೋವು ಬಂದರೆ ಎಷ್ಟೋ ಸಲ ಹೊರಡುವುದು ಇಂಥದೇ ಒಂದು ಹಳೇ ಗಾಡಿ. ಎಷ್ಟೋ ಗಾಡಿಗಳಲ್ಲಿ ನೀರಿನ ಪಂಪ್ ತಿರುಗಿಸುವುದೂ ಇದೇ ಬೆಲ್ಟ್. ದಾರಿಯಲ್ಲಿ ಕೆಂಪು ದೀಪ ಹತ್ತಿ ಎಂಜಿನ್ ಬಿಸಿ ಮುಳ್ಳೂ ಏರಿದರೆ ಅಲ್ಲೇ ನಿಲ್ಲಿಸಿ, ಬೇರೆ ಗಾಡಿಗೆ ಫೋನ್ ಮಾಡಿ. ಮುಂದೆ ಓಡಿಸಿದರೆ ಎಂಜಿನ್ನೇ ಹಿಡಿದುಕೊಳ್ಳಬಹುದು.

ನಮ್ಮ ಮೀಟರನ್ನು ಬಸ್‌ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಇಟ್ಟಿದ್ದೇವೆ. ಯಾರು ಬೇಕಾದರೂ ಒಯ್ಯಬಹುದು. ಒಳಗಿನ ಸೆಲ್ ಮಾತ್ರ ಎರಡು ಸಲ ಮಾಯವಾಗಿದೆ.